ಗೊರಸು ಉಳಿದರೆ ಕುದುರೆ ಉಳಿಯಿತು



ಇವತ್ತು ನಿಮ್ಮ ಹತ್ತಿರ ಕುದುರೆಯ ಗೊರಸಿನ ವಿಷಯ ಮಾತಾಡಬೇಕು ಅಂತ ಬಂದಿದ್ದೇನೆ. "ಇದೇನು ಸ್ವಾಮಿ, ನಮ್ಮ ಹಟ್ಟಿಯಲ್ಲಿ ಎತ್ತು ಉಂಟು, ಹಸು ಉಂಟು, ಕುದುರೆ ಎಲ್ಲಿದೆ?" ಅಂತ ನೀವು ಕೇಳಬಹುದು. ಮಾತು ನಿಜವೇ. ಹಿಂದೆ ಊರೂರಿಗೆ ಓಡಾಡುತ್ತಿದ್ದ ಜಟಕಾಗಳು ಈಗ ಬಹಳ ಕಡಿಮೆಯಾಗಿವೆ. ಆದರೂ ಮೈಸೂರಿನ ಬೀದಿಯಲ್ಲಿ ಟಾಂಗಾ ಇದೆ. ಉತ್ತರದ ಸೀಮೆಯಲ್ಲಿ ಕುರಿ ಮಂದೆ ಹೊಡೆದುಕೊಂಡು ಹೋಗುವ ಕುರುಬರ ಗಂಟುಮೂಟೆ ಹೊರುವ ತಟ್ಟುಗಳಿವೆ. ಮದುವೆ ಮೆರವಣಿಗೆಯ ಕುದುರೆಗಳಿವೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವೂ ಇದೆ. ಕುದುರೆಯ ಗೊರಸಿಗೆ ಬರುವ ಅತಿ ಕೆಟ್ಟ ಕಾಯಿಲೆ ನಮ್ಮ ಹಸು ಎತ್ತುಗಳಿಗೂ ಬರುತ್ತದೆ. ಬರುವ ದಾರಿಯೂ ಹೆಚ್ಚುಕಡಿಮೆ ಅದೇ. ಆ ದಾರಿ ಯಾವುದು ಅಂತ ತಿಳಿಯುವುದಕ್ಕೆ ಮನುಷ್ಯನಿಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕಥೆಯನ್ನು ಕೇಳಿದರೆ ನಿಮ್ಮ ಕೊಟ್ಟಿಗೆಗೂ ಉಪಯೋಗ ಉಂಟು. ಸಾವಧಾನವಾಗಿ ಓದಿ.

ಮೊದಲು ಗೊರಸು ಅಂದರೆ ಏನು ಅಂತ ನೋಡೋಣ. ಕುದುರೆ ನಿಲ್ಲುವುದು ಒಂದೊಂದು ಕಾಲಿಗೆ ಒಂದೇ ಬೆರಳಿನ ಮೇಲೆ. ಗೊರಸು ಆ ಬೆರಳಿನ ಉಗುರು. ನಮ್ಮ ಉಗುರು ಬೆರಳಿನ ಮೇಲ್ಗಡೆ ಮಾತ್ರ ಇದ್ದರೆ, ಕುದುರೆಯ ಉಗುರು ಬೆರಳಿನ ತುದಿಯನ್ನು ಮುಚ್ಚಳದ ಹಾಗೆ ಸುತ್ತುವರಿದಿದೆ. ಒಳಗೆ ಒಂದು ಮೂಳೆ. ಆ ಮೂಳೆ ಅಂಗಾಲಿನ ಮೇಲೆ ಕೂತಿದೆ ಅಂತ ನೀವು ಎಣಿಸಿದರೆ ತಪ್ಪು. ಅದು ಗೊರಸಿನ ಗೋಡೆಗೆ ಒಳಗಿನಿಂದ ನೇತುಬಿದ್ದಿದೆ! ಅಣಬೆಯನ್ನು ಕಿತ್ತು ತಿರುಗಿಸಿ ನೋಡಿದರೆ ಕೊಡೆಯ ಅಡಿಯಲ್ಲಿ ತೆಳುವಾದ ಪದರುಗಳು ಸಾಲಾಗಿ ಕಾಣುತ್ತವಲ್ಲ, ಅಂಥವೇ ಐನೂರು ಆರುನೂರು ಪದರುಗಳು ಗೋಡೆಯ ಒಳಗಡೆ ಇವೆ. ಮೂಳೆಯ ಕಡೆಯಿಂದಲೂ ಅಷ್ಟೇ ಪದರುಗಳು ಬಂದು, ಎರಡು ಕೈಯ ಬೆರಳುಗಳನ್ನು ಹೆಣೆದ ಹಾಗೆ ಒಂದರೊಳಗೊಂದು ಸೇರಿಕೊಂಡಿವೆ. ಒಂದೊಂದು ಪದರಿನ ಮೈಮೇಲೆ ಮತ್ತೆ ನೂರಾರು ಸಣ್ಣ ಪದರುಗಳು. ನಾನೂರು ಐನೂರು ಕಿಲೋ ತೂಕದ ಪ್ರಾಣಿ ಓಡುವಾಗ, ಹಾರುವಾಗ, ಭಾರ ಎಳೆಯುವಾಗ ಅದರ ಇಡೀ ಮೈಭಾರ ಈ ಹೆಣಿಗೆಯ ಮೇಲೆ ನಿಂತಿರುತ್ತದೆ. ಅಂಗಾಲಿನ ನಡುವೆ ಮೂರು ಮೂಲೆಯ ಮೆತ್ತನೆಯ ಭಾಗ ಒಂದಿದೆ. ಇಂಗ್ಲಿಷಿನವರು ಅದಕ್ಕೆ 'ಕಪ್ಪೆ' ಅಂತ ಹೆಸರಿಟ್ಟಿದ್ದಾರೆ. ನಾವೂ ಈ ಮಾತಿನಲ್ಲಿ ಹಾಗೇ ಕರೆಯೋಣ.

ಈ ಹೆಣಿಗೆಗೆ ಉರಿಯೂತ ಬಂದು ಅದು ಸಡಿಲವಾಗುವುದೇ ನಾನು ಹೇಳುವ ದೊಡ್ಡ ಕಾಯಿಲೆ. ಡಾಕ್ಟರುಗಳು ಇದನ್ನು ಲ್ಯಾಮಿನೈಟಿಸ್ ಅನ್ನುತ್ತಾರೆ. ನಾವು 'ಗೊರಸಿನ ಉರಿ' ಅನ್ನೋಣ. ಹೆಣಿಗೆ ಬಿಟ್ಟಿತು ಅಂದರೆ ಮೇಲಿನಿಂದ ಮೈಭಾರ ಮೂಳೆಯನ್ನು ಕೆಳಕ್ಕೆ ಒತ್ತುತ್ತದೆ. ಹಿಂದಿನಿಂದ ಸ್ನಾಯುವಿನ ಹುರಿ ಅದನ್ನು ಎಳೆಯುತ್ತದೆ. ಮೂಳೆಯ ಮುಂತುದಿ ಕೆಳಗೆ ತಿರುಗಿ, ಕೊನೆಗೆ ಅಂಗಾಲನ್ನೇ ತೂತುಮಾಡಿಕೊಂಡು ಹೊರಗೆ ಬರುವುದೂ ಉಂಟು. ಆ ನೋವು ಎಂಥದು ಅಂತ ಬಾಯಿಲ್ಲದ ಪ್ರಾಣಿ ಹೇಗೆ ಹೇಳೀತು? ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಹಿಂಗಾಲುಗಳನ್ನು ಹೊಟ್ಟೆಯ ಕೆಳಕ್ಕೆ ತಂದು, ಹಿಂದಕ್ಕೆ ಒರಗಿ ನಿಲ್ಲುತ್ತದೆ. ಅದೇ ಅದರ ಮಾತು.

ಈ ಕಾಯಿಲೆ ಹೊಸದಲ್ಲ. ಗ್ರೀಕ್ ದೇಶದಲ್ಲಿ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಕ್ಸೆನೊಫನ್ ಅಂತ ಒಬ್ಬ ಸೇನಾಪತಿ ಇದ್ದ. ಅವನು ಕುದುರೆ ಸವಾರಿಯ ಬಗ್ಗೆ ಒಂದು ಪುಸ್ತಕ ಬರೆದ. ಕುದುರೆ ಕೊಳ್ಳುವಾಗ ಮೊದಲು ಕಾಲು ನೋಡು, ತಳಪಾಯ ಸರಿಯಿಲ್ಲದ ಮನೆಯ ಮೇಲುಭಾಗ ಎಷ್ಟು ಚೆನ್ನಾಗಿದ್ದರೇನು ಅನ್ನುವುದು ಅವನ ಅಭಿಪ್ರಾಯ. ಆಗ ಗ್ರೀಕರ ಕುದುರೆಗಳಿಗೆ ಲಾಳ ಇರಲಿಲ್ಲ. ಆದ್ದರಿಂದ ಲಾಯದ ಹೊರಗೆ ಗುಂಡುಕಲ್ಲುಗಳನ್ನು ಹರಡಿ, ಅದರ ಮೇಲೆ ಕುದುರೆಯನ್ನು ನಿಲ್ಲಿಸಿ ಗೊರಸು ಗಟ್ಟಿಮಾಡಬೇಕು ಅಂತ ಅವನು ಹೇಳಿದ. ಲಾಯದ ತೇವ ಗೊರಸಿಗೆ ಕೇಡು ಅಂತಲೂ ಎಚ್ಚರಿಸಿದ. ಇನ್ನೂ ಒಂದು ಮಾತು ಅವನ ಪುಸ್ತಕದಲ್ಲಿದೆ. ಜವೆ ಧಾನ್ಯ ಅತಿಯಾಗಿ ತಿಂದು ಬರುವ ರೋಗ ಒಂದುಂಟು, ಅದನ್ನು ಆರಂಭದಲ್ಲೇ ಹಿಡಿದರೆ ವಾಸಿಮಾಡುವುದು ಸುಲಭ ಅಂತ. ಧಾನ್ಯಕ್ಕೂ ಕುದುರೆಯ ಕಾಯಿಲೆಗೂ ನಂಟು ಉಂಟು ಅನ್ನುವ ಗುಮಾನಿ ಆಗಲೇ ಇತ್ತು ನೋಡಿ. ಅವನ ನಂತರ ಬಂದ ಅರಿಸ್ಟಾಟಲ್ ಎಂಬ ಪಂಡಿತನೂ ಬಯಲಲ್ಲಿ ಮೇಯುವ ಕುದುರೆಗಳಿಗೆ ಪಾದದ ರೋಗ ಬಿಟ್ಟರೆ ಬೇರೆ ರೋಗ ಕಡಿಮೆ, ಆ ರೋಗದಲ್ಲಿ ಗೊರಸೇ ಕಳಚಿಬೀಳುವುದೂ ಉಂಟು ಅಂತ ಬರೆದಿದ್ದಾನೆ.

ನಮ್ಮ ದೇಶ ಹಿಂದೆ ಬಿದ್ದಿರಲಿಲ್ಲ. ಕುದುರೆ ವೈದ್ಯಕ್ಕೆ ಇಲ್ಲಿ ಶಾಲಿಹೋತ್ರನ ಹೆಸರೇ ಮೂಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷ ಅಂತಲೇ ಒಂದು ಅಧ್ಯಾಯ ಇದೆ. ಅದರಲ್ಲಿ ವೈದ್ಯನಿಗೆ ಒಂದು ಕಟ್ಟಳೆ. ಚಿಕಿತ್ಸೆಯ ತಪ್ಪಿನಿಂದ ರೋಗ ಉಲ್ಬಣವಾದರೆ ಚಿಕಿತ್ಸೆಗೆ ತಗಲುವ ಖರ್ಚಿನ ಎರಡರಷ್ಟು ದಂಡ. ಔಷಧದ ದೋಷದಿಂದ ಪ್ರಾಣಿ ಸತ್ತರೆ ಅದರ ಬೆಲೆಯಷ್ಟು ದಂಡ. ಕುದುರೆ ಅಂದರೆ ರಾಜ್ಯದ ಬಲ ಅನ್ನುವ ಕಾಲ ಅದು. ಕನ್ನಡದಲ್ಲೂ ಪಶುವೈದ್ಯದ ಪುಸ್ತಕಗಳು ಹಳೆಯವು. ಚಾಲುಕ್ಯ ರಾಜಮನೆತನದ ಕೀರ್ತಿವರ್ಮ 12ನೆಯ ಶತಮಾನದಲ್ಲೇ 'ಗೋವೈದ್ಯ' ಬರೆದ. ಆಮೇಲೆ ಅಭಿನವಚಂದ್ರ ಎಂಬ ಕವಿ ಕುದುರೆ ವೈದ್ಯದ ಗ್ರಂಥವನ್ನೇ ಕನ್ನಡದಲ್ಲಿ ರಚಿಸಿದ. ಮೂಕಪ್ರಾಣಿಯ ನೋವು ನಮ್ಮ ಹಿರಿಯರಿಗೆ ಶಾಸ್ತ್ರದ ವಿಷಯವಾಗಿತ್ತು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಇನ್ನು ಲಾಳದ ಕಥೆಗೆ ಬರೋಣ. ರೋಮನ್ನರು ಮೊದಮೊದಲು ಗಾಯವಾದ ಕಾಲಿಗೆ ನಾರಿನಿಂದ ಹೆಣೆದ ಪಾದರಕ್ಷೆ ಕಟ್ಟುತ್ತಿದ್ದರು. ಕಬ್ಬಿಣದ ತಟ್ಟೆಯನ್ನು ಪಟ್ಟಿಯಿಂದ ಬಿಗಿಯುವುದೂ ಇತ್ತು. ಅಂದರೆ ಪಾದರಕ್ಷೆ ಪ್ರಾಣಿಯ ಕಾಲಿಗೆ ಮೊದಲು ಬಂದದ್ದು ಬಹುಮಟ್ಟಿಗೆ ಮದ್ದಿನ ಜೊತೆಗಾರನಾಗಿ. ಮೊಳೆ ಹೊಡೆದು ಕೂಡಿಸುವ ಲಾಳದ ಮಾತು ಸುಮಾರು 900ನೆಯ ಇಸವಿಯ ಹೊತ್ತಿಗೆ ಪೂರ್ವ ರೋಮನ್ ಚಕ್ರವರ್ತಿ ಆರನೆಯ ಲಿಯೋ ಬರೆಸಿದ ಯುದ್ಧಶಾಸ್ತ್ರದಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಆಮೇಲೆ ಯುರೋಪಿನಲ್ಲೆಲ್ಲ ಅದು ಹರಡಿತು.

ಲಾಳ ಹರಡಿದ ಹಾಗೆ ಲಾಳ ಕಟ್ಟುವವನ ಮರ್ಯಾದೆಯೂ ಏರಿತು. ನಮ್ಮಲ್ಲಿ ನಾಲಬಂದ ಅನ್ನುತ್ತಾರಲ್ಲ, ಅವನೇ. 'ಮಾರ್ಷಲ್' ಅಂತ ದೊಡ್ಡ ಸೇನಾಧಿಕಾರಿಗಳಿಗೆ ಪದವಿ ಇದೆ ನೋಡಿ, ಆ ಪದದ ಮೂಲ ಅರ್ಥ ಕುದುರೆಯ ಆಳು ಅಂತ. ಕುದುರೆಯ ಕಾಲು ಹಿಡಿದವನು ರಾಜನ ಪಕ್ಕದಲ್ಲಿ ನಿಲ್ಲುವಂತಾದ! ಇಟಲಿಯಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕನ ಆಸ್ಥಾನದಲ್ಲಿದ್ದ ಜೊರ್ಡಾನೊ ರುಫ್ಫೊ ಎಂಬಾತ ಸುಮಾರು 1250ರ ಹೊತ್ತಿಗೆ ಕುದುರೆ ವೈದ್ಯದ ಪುಸ್ತಕ ಬರೆದು ಗೊರಸಿನ ರೋಗಗಳನ್ನು ಒಂದೊಂದಾಗಿ ವಿವರಿಸಿದ. ಆ ಪುಸ್ತಕವನ್ನು ಹಲವು ಭಾಷೆಗಳಿಗೆ ತಿರುಗಿಸಿಕೊಂಡರು. ಆಗ ಲಾಳ ಕಟ್ಟುವವನೇ ಡಾಕ್ಟರು, ಡಾಕ್ಟರೇ ಲಾಳ ಕಟ್ಟುವವನು.

ಆದರೆ ಕೈಗುಣ ಎಲ್ಲರಿಗೂ ಬರುತ್ತದೆಯೇ? ಲಂಡನ್ ಪಟ್ಟಣದಲ್ಲಿ 1356ರಲ್ಲಿ ಕುಲುಮೆ ಇಟ್ಟುಕೊಂಡವರೆಲ್ಲ ಲಾಳದ ಕೆಲಸಕ್ಕೆ ಕೈ ಹಾಕಿ ಜನರ ಕುದುರೆಗಳನ್ನು ಹಾಳುಮಾಡುತ್ತಿದ್ದಾರೆ ಅಂತ ದೂರು ಹೆಚ್ಚಾಯಿತು. ಪಟ್ಟಣದ ಮೇಯರು ಕಸಬಿನವರನ್ನು ಕರೆಸಿ, ಅವರಲ್ಲೇ ಇಬ್ಬರನ್ನು ಮೇಲ್ವಿಚಾರಕರನ್ನಾಗಿ ಮಾಡಿದ. ಅಲ್ಲಿಂದ ಬೆಳೆದ ಸಂಘ ಇವತ್ತಿಗೂ ಲಂಡನ್ನಿನಲ್ಲಿ ಇದೆ. ಬ್ರಿಟನ್ನಿನಲ್ಲಿ 1975ರಲ್ಲಿ ಕಾನೂನೇ ಆಯಿತು. ತರಬೇತಿ ಪಡೆದು ಹೆಸರು ನೋಂದಾಯಿಸಿದವರ ಹೊರತು ಮತ್ತೊಬ್ಬರು ಕೂಲಿಗೆ ಲಾಳ ಕಟ್ಟುವ ಹಾಗಿಲ್ಲ. ಒಂದು ಮೊಳೆ ಅರ್ಧ ಅಂಗುಲ ಒಳಕ್ಕೆ ಹೋದರೆ ಒಂದು ಕುಟುಂಬದ ಅನ್ನ ಹೋಗುತ್ತದೆ ಅನ್ನುವುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಇಷ್ಟೆಲ್ಲ ಇದ್ದರೂ ಗೊರಸಿನ ಉರಿಗೆ ಹಳೆಯ ಕಾಲದವರು ಏನು ಚಿಕಿತ್ಸೆ ಮಾಡುತ್ತಿದ್ದರು ಗೊತ್ತೇ? ಕೇಳಿದರೆ ಮೈ ಜುಮ್ಮೆನ್ನುತ್ತದೆ. ಕೆಟ್ಟ ರಕ್ತ ಮೇಲಿನಿಂದ ಇಳಿದು ಗೊರಸಿನಲ್ಲಿ ಸೇರಿದೆ ಅನ್ನುವುದು ಆಗಿನ ನಂಬಿಕೆ. ಹಾಗಾಗಿ ಕುತ್ತಿಗೆಯ ನರ ಕುಯ್ದು ರಕ್ತ ತೆಗೆಯುತ್ತಿದ್ದರು. ಗೊರಸಿನ ಮುಂತುದಿ ಕೊರೆದು ಅಲ್ಲಿಂದಲೂ ತೆಗೆಯುತ್ತಿದ್ದರು. ಕಾಸಿದ ಕಬ್ಬಿಣದಿಂದ ಬರೆ ಹಾಕುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಕುದುರೆಯನ್ನು ಕೆಡವಿ ಕಟ್ಟಿ, ಅಂಗಾಲಿನ ಚಿಪ್ಪನ್ನು ಸುತ್ತಲೂ ಬಿಡಿಸಿ, ಇಕ್ಕಳದಿಂದ ಹಿಡಿದು ಪೂರ್ತಿ ಕಿತ್ತು ತೆಗೆಯುತ್ತಿದ್ದರು. ನೋವು ತಿಳಿಯದಂತೆ ಮಾಡುವ ಔಷಧ ಇಲ್ಲದ ಕಾಲ. ಹೊಸ ಅಂಗಾಲು ಬೆಳೆಯುತ್ತದೆ ಅನ್ನುವುದು ಅವರ ಲೆಕ್ಕ. ಬೆಳೆಯುತ್ತಲೂ ಇತ್ತು. ಆದರೆ ಅಂಗಾಲೇ ಇಲ್ಲದ ಮೇಲೆ ಜಾರುತ್ತಿರುವ ಮೂಳೆಗೆ ಕೆಳಗಿನಿಂದ ಆಸರೆ ಎಲ್ಲಿಂದ ಬರಬೇಕು? ಬೀಳುವ ಗೋಡೆಯ ಊರುಗೋಲನ್ನೇ ತೆಗೆದ ಹಾಗಾಯಿತು. ಅವರನ್ನು ಕ್ರೂರಿಗಳು ಅನ್ನಬೇಡಿ. ಒಳಗೆ ಏನಾಗುತ್ತಿದೆ ಅಂತ ಕಾಣದವನು ಕತ್ತಲಲ್ಲಿ ಕೈಯಾಡಿಸುತ್ತಾನೆ, ಅಷ್ಟೇ.

ಬೆಳಕು ಬಿದ್ದದ್ದು 18ನೆಯ ಶತಮಾನದಲ್ಲಿ. ಫ್ರಾನ್ಸಿನಲ್ಲಿ ಲಾಫಾಸ್ ಎಂಬ ಲಾಳದ ಕಸಬಿನವನು ಸತ್ತ ಕುದುರೆಗಳ ಗೊರಸು ಬಿಚ್ಚಿ ನೋಡಿ, 1750ರ ದಶಕದಲ್ಲಿ ತನ್ನ ವಿಚಾರಗಳನ್ನು ಪ್ರಕಟಿಸಿದ. ಅಂಗಾಲನ್ನೂ ಕಪ್ಪೆಯನ್ನೂ ಚೂರಿಯಿಂದ ಹೆರೆದು ಹೆರೆದು ತೆಳುಮಾಡುವುದೇ ದೊಡ್ಡ ತಪ್ಪು, ಕಪ್ಪೆ ನೆಲಕ್ಕೆ ತಾಗಬೇಕು, ಅದು ಭಾರ ಹೊರುವುದಕ್ಕೇ ಇರುವ ಭಾಗ ಅಂದ. ಇದೇ ಹೊತ್ತಿಗೆ ಲಂಡನ್ನಿನಲ್ಲಿ ಜೆರೆಮಿಯಾ ಬ್ರಿಡ್ಜಸ್ ಎಂಬಾತ ಬರೆದ ಪುಸ್ತಕದ ಹೆಸರೇ ಕಾಲಿಲ್ಲದಿದ್ದರೆ ಕುದುರೆಯೂ ಇಲ್ಲ ಅನ್ನುವ ಅರ್ಥದ್ದು. 1762ರಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಕ್ಲೋಡ್ ಬೂರ್ಜಲಾ ಪ್ರಪಂಚದ ಮೊದಲ ಪಶುವೈದ್ಯ ಶಾಲೆ ತೆರೆದ. 1791ರಲ್ಲಿ ಲಂಡನ್ನಿನಲ್ಲೂ ಕಾಲೇಜು ಆಯಿತು. ನಮ್ಮ ದೇಶದಲ್ಲಿ 1882ರಲ್ಲಿ ಲಾಹೋರು, 1886ರಲ್ಲಿ ಮುಂಬಯಿ, ಹೀಗೆ ಕಾಲೇಜುಗಳು ಬಂದವು. ನಮ್ಮ ಹೆಬ್ಬಾಳದ ಕಾಲೇಜು ಶುರುವಾದದ್ದು 1958ರಲ್ಲಿ.

ಶಾಲೆ ಬಂದದ್ದು ಒಳ್ಳೆಯದೇ. ಆದರೆ ಒಂದು ಕೆಡುಕೂ ಆಯಿತು. ಓದಿದ ಡಾಕ್ಟರು ಒಂದು ಕಡೆ, ಕುಲುಮೆಯ ಮುಂದೆ ಕೂತ ಕಸಬುದಾರ ಇನ್ನೊಂದು ಕಡೆ ಆದರು. ಇವನಿಗೆ ಪುಸ್ತಕ ಗೊತ್ತಿಲ್ಲ ಅಂತ ಅವರು. ಅವರಿಗೆ ಸುತ್ತಿಗೆ ಹಿಡಿಯಲು ಬರುವುದಿಲ್ಲ ಅಂತ ಇವನು. ಇಬ್ಬರ ನಡುವೆ ಕುದುರೆ ನಿಂತಿತ್ತು, ಮೂರು ಕಾಲಿನ ಮೇಲೆ.

ಸೈನ್ಯದಲ್ಲಿ ಮಾತ್ರ ಇಬ್ಬರೂ ಜೊತೆಯಾಗಿ ಇರಲೇಬೇಕಾಗಿತ್ತು. 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ದಳದವರು ಜೋಧಪುರದ ಲ್ಯಾನ್ಸರ್‌ಗಳ ಜೊತೆ ಸೇರಿ ಹೈಫಾ ಊರನ್ನು ಗೆದ್ದುಕೊಂಡದ್ದು ನಿಮಗೆ ಗೊತ್ತಿರಬಹುದು. ಸವಾರರ ಶೌರ್ಯವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದ್ದೇ. ಆದರೆ ಆ ಕುದುರೆಗಳ ಕಾಲಿಗೆ ರಾತ್ರಿ ಹಗಲೆನ್ನದೆ ಲಾಳ ಬಡಿದು, ಗೊರಸು ತೊಳೆದು ನೋಡಿದ ಕೈಗಳೂ ಇದ್ದವು. ಅವರ ಹೆಸರನ್ನು ಯಾರೂ ಕೇಳುವುದಿಲ್ಲ.

ರೋಗದ ಒಳಗುಟ್ಟು ಬಿಚ್ಚಿಕೊಂಡದ್ದು ಕಳೆದ ನೂರು ನೂರಿಪ್ಪತ್ತೈದು ವರ್ಷಗಳಲ್ಲಿ. 1895ರಲ್ಲಿ ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದ. ಅದರಿಂದ ಗೊರಸನ್ನು ಕುಯ್ಯದೆಯೇ ಒಳಗಿನ ಮೂಳೆ ಎಷ್ಟು ತಿರುಗಿದೆ, ಎಷ್ಟು ಇಳಿದಿದೆ ಅಂತ ನೋಡುವುದು ಸಾಧ್ಯವಾಯಿತು. 1948ರಲ್ಲಿ ಸ್ವೀಡನ್ ದೇಶದ ನಿಲ್ಸ್ ಓಬೆಲ್ ಕಾಯಿಲೆಯನ್ನು ನಾಲ್ಕು ಮೆಟ್ಟಿಲಾಗಿ ವಿಂಗಡಿಸಿದ. ಇದಕ್ಕೆ ಯಂತ್ರ ಬೇಡ, ಕಣ್ಣಿದ್ದರೆ ಸಾಕು. ಮೊದಲನೆಯ ಮೆಟ್ಟಿಲಲ್ಲಿ ಪ್ರಾಣಿ ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತಲೇ ಇರುತ್ತದೆ. ನಡೆಸಿದರೆ ಕುಂಟುವುದಿಲ್ಲ, ಓಡಿಸಿದರೆ ಹೆಜ್ಜೆ ಗಿಡ್ಡವಾಗುತ್ತದೆ. ಎರಡನೆಯದರಲ್ಲಿ ನಡೆಯುವಾಗಲೇ ಹೆಜ್ಜೆ ಬಿಗಿ. ಆದರೂ ಕಾಲೆತ್ತಲು ಬಿಡುತ್ತದೆ. ಮೂರನೆಯದರಲ್ಲಿ ನಡೆಯಲು ಒಪ್ಪುವುದಿಲ್ಲ, ಕಾಲೆತ್ತಲೂ ಬಿಡುವುದಿಲ್ಲ. ಎತ್ತಿದರೆ ಇನ್ನೊಂದು ಕಾಲಿನ ಮೇಲೆ ಭಾರ ಬೀಳುತ್ತದಲ್ಲ, ಅದನ್ನು ತಾಳದು. ನಾಲ್ಕನೆಯದರಲ್ಲಿ ಬಲವಂತ ಮಾಡಿದ ಹೊರತು ಅಲುಗುವುದೇ ಇಲ್ಲ. ಮೊದಲನೆಯ ಮೆಟ್ಟಿಲಲ್ಲಿ ಕಂಡುಹಿಡಿದವನ ಕುದುರೆಗೆ ಉಳಿಯುವ ಆಸೆ ಹೆಚ್ಚು. ನಾಲ್ಕನೆಯದಕ್ಕೆ ಬಂದ ಮೇಲೆ ಓಡಾಡಿದರೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಒಳಗಿನ ಕೆಲಸ ತಿಳಿದ ಮೇಲೆ ಲಾಳದವನ ಕೆಲಸವೂ ಬದಲಾಯಿತು. ಕೆಟ್ಟ ರಕ್ತ ತೆಗೆಯುವುದು ಹೋಗಿ, ಮೂಳೆಗೆ ಆಸರೆ ಕೊಡುವುದು ಬಂತು. ಗೋಡೆಯ ಹೆಣಿಗೆ ಭಾರ ತಾಳದಿದ್ದರೆ ಆ ಭಾರವನ್ನು ಎಲ್ಲಿಗೆ ಸಾಗಿಸಬೇಕು? ಕಪ್ಪೆಗೆ, ಹಿಮ್ಮಡಿಗೆ, ಅಂಗಾಲಿನ ಹಿಂಭಾಗಕ್ಕೆ. ಅಮೆರಿಕದ ಟೆಕ್ಸಾಸ್ ಸೀಮೆಯ ಬರ್ನಿ ಚಾಪ್ಮನ್ ಎಂಬ ಲಾಳದ ಕಸಬುದಾರ 1980ರ ದಶಕದಲ್ಲಿ ಹೃದಯದ ಆಕಾರದ ಪಟ್ಟಿ ಇರುವ ಹಳೆಯ ಮಾದರಿಯ ಲಾಳವನ್ನು ಮತ್ತೆ ಕೈಗೆತ್ತಿಕೊಂಡ. ಲಾಳದ ಎರಡು ತುದಿಗಳನ್ನು ಹಿಂದೆ ಕೂಡಿಸಿ, ಅಲ್ಲಿಂದ ಒಂದು ನಾಲಿಗೆಯಂತೆ ಪಟ್ಟಿಯನ್ನು ಮುಂದಕ್ಕೆ ಬಿಟ್ಟರೆ ಅದು ಕಪ್ಪೆಯನ್ನು ಕೆಳಗಿನಿಂದ ಹೊತ್ತುಕೊಳ್ಳುತ್ತದೆ. ಕಪ್ಪೆಯ ಮೇಲೆ ಮೂಳೆ. ಹೀಗೆ ಜಾರುವ ಮೂಳೆಗೆ ಊರುಗೋಲು ಸಿಕ್ಕಿತು. ಲಾಫಾಸ್ ಇನ್ನೂರು ವರ್ಷಕ್ಕೂ ಹಿಂದೆ ಕಪ್ಪೆ ಭಾರ ಹೊರುವ ಭಾಗ ಅಂದದ್ದು ಇಲ್ಲಿ ಕೈಗೂಡಿತು.

ಇದು ಸುಲಭದ ಕೆಲಸ ಅಂತ ತಿಳಿಯಬೇಡಿ. ಪಟ್ಟಿ ಒಂದಿಷ್ಟು ಮುಂದೆ ಚಾಚಿದರೂ, ಒಂದಿಷ್ಟು ಹೆಚ್ಚು ಒತ್ತಿದರೂ ಆಸರೆಯೇ ಶೂಲವಾಗುತ್ತದೆ. ಎಕ್ಸ್-ರೇ ಚಿತ್ರ ಎದುರಿಗಿಟ್ಟುಕೊಂಡು, ಡಾಕ್ಟರು ಹೇಳಿದ ಅಳತೆಗೆ ಕಸಬುದಾರ ಕಬ್ಬಿಣ ಬಗ್ಗಿಸಬೇಕು. ಇದರ ಜೊತೆಗೆ ಉದ್ದವಾದ ಮುಂತುದಿಯನ್ನು ಹಿಂದಕ್ಕೆ ಕತ್ತರಿಸಿ ಹೆಜ್ಜೆ ಸಲೀಸಾಗಿ ಉರುಳುವಂತೆ ಮಾಡುವುದು, ಹಿಮ್ಮಡಿಯನ್ನು ಸ್ವಲ್ಪ ಎತ್ತರಿಸಿ ಸ್ನಾಯುವಿನ ಎಳೆತ ತಗ್ಗಿಸುವುದು, ಮೊಳೆಯ ಪೆಟ್ಟು ತಾಳದ ಕಾಲಿಗೆ ಮರದ ಪಾದುಕೆ ಅಥವಾ ಅಂಟಿನ ಲಾಳ ಹಾಕುವುದು, ಇವೆಲ್ಲ ಬಂದವು. ಗೊರಸು ತಿಂಗಳಿಗೆ ಬೆಳೆಯುವುದು ಹೆಚ್ಚೆಂದರೆ ಒಂದು ಸೆಂಟಿಮೀಟರು. ಮುಂಭಾಗದ ಗೋಡೆ ಪೂರ್ತಿ ಹೊಸದಾಗಿ ಇಳಿಯಬೇಕಾದರೆ ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಅಷ್ಟು ದಿನ ನಾಲ್ಕೈದು ವಾರಕ್ಕೊಮ್ಮೆ ಲಾಳ ಬಿಚ್ಚಿ, ಅರ ಹಾಕಿ, ಮತ್ತೆ ಕಟ್ಟುವ ತಾಳ್ಮೆ ಬೇಕು.

ತಾಳ್ಮೆ, ಹಣ, ವಿದ್ಯೆ ಎಲ್ಲ ಇದ್ದರೂ ಸೋಲುವುದುಂಟು. ಅಮೆರಿಕದಲ್ಲಿ 1973ರಲ್ಲಿ ಮೂರು ಮಹಾ ಪಂದ್ಯಗಳನ್ನೂ ಗೆದ್ದ ಸೆಕ್ರೆಟೇರಿಯಟ್ ಎಂಬ ಕುದುರೆಗೆ ಇದೇ ಗೊರಸಿನ ಉರಿ ಬಂದು, 1989ರ ಅಕ್ಟೋಬರ್ 4ರಂದು ನೋವು ತಪ್ಪಿಸಲು ಅದಕ್ಕೆ ಮರಣ ಕೊಡಬೇಕಾಯಿತು. 2006ರ ಮೇ ತಿಂಗಳಲ್ಲಿ ಬಾರ್ಬಾರೊ ಎಂಬ ಇನ್ನೊಂದು ಕುದುರೆ ಪಂದ್ಯದಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಮುರಿದ ಮೂಳೆಯನ್ನು ಡಾಕ್ಟರುಗಳು ತಟ್ಟೆ ತಿರುಪು ಹಾಕಿ ಕೂಡಿಸಿದರು. ಆದರೆ ಭಾರವೆಲ್ಲ ಎಡ ಹಿಂಗಾಲಿನ ಮೇಲೆ ಬಿದ್ದು, ಜುಲೈ ಹೊತ್ತಿಗೆ ಆ ಒಳ್ಳೆಯ ಕಾಲಿಗೇ ಗೊರಸಿನ ಉರಿ ಬಂತು. 2007ರ ಜನವರಿ 29ರಂದು ಆ ಕುದುರೆಯ ಕಥೆಯೂ ಮುಗಿಯಿತು. ಮುರಿದ ಕಾಲಿಗಿಂತ ನೆಟ್ಟಗಿದ್ದ ಕಾಲು ಅದನ್ನು ಕೊಂದಿತು. ಕುಂಟುವ ಪ್ರಾಣಿಯ ಒಳ್ಳೆಯ ಕಾಲನ್ನೂ ದಿನಾ ಮುಟ್ಟಿ ನೋಡಬೇಕು ಅನ್ನುವ ಪಾಠ ಇದರಲ್ಲಿದೆ.

ಹಾಗಾದರೆ ಈ ಉರಿ ಎಲ್ಲಿಂದ ಬರುತ್ತದೆ? ಕಾಲಿನಲ್ಲಿ ಕಾಣುವ ಈ ರೋಗ ಅನೇಕ ಸಲ ಹುಟ್ಟುವುದು ಹೊಟ್ಟೆಯಲ್ಲಿ. ಪ್ರಾಣಿ ಧಾನ್ಯದ ಮೂಟೆಗೆ ಬಾಯಿ ಹಾಕಿ ಮಿತಿಮೀರಿ ತಿಂದರೆ, ಆ ಪಿಷ್ಟ ಕರುಳಿನಲ್ಲಿ ಹುಳಿದು ಆಮ್ಲವಾಗಿ, ವಿಷಪದಾರ್ಥಗಳು ರಕ್ತಕ್ಕೆ ಸೇರುತ್ತವೆ. ಒಂದೆರಡು ದಿನದಲ್ಲಿ ಗೊರಸು ಉರಿಯುತ್ತದೆ. ಈದ ಕುದುರೆಯ ಸತ್ತೆ ಒಳಗೇ ಉಳಿದು ಕೊಳೆತರೂ ಹೀಗೇ ಆಗುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ವಿಜ್ಞಾನಿಗಳು 2007ರಲ್ಲಿ ಇನ್ನೊಂದು ದಾರಿಯನ್ನೂ ತೋರಿಸಿದರು. ಆರೋಗ್ಯವಾಗಿದ್ದ ತಟ್ಟುಗಳ ರಕ್ತದಲ್ಲಿ ಇನ್ಸುಲಿನ್ ಎಂಬ ರಸವನ್ನು ಹೆಚ್ಚಿಸಿ ಇಟ್ಟಾಗ ಮೂರು ದಿನದೊಳಗೆ ಅವುಗಳಿಗೆ ಗೊರಸಿನ ಉರಿ ಬಂತು. ಕೆಲಸವಿಲ್ಲದೆ ನಿಂತು, ಚೆನ್ನಾಗಿ ತಿಂದು, ಕುತ್ತಿಗೆಯ ಮೇಲೆ ಕೊಬ್ಬು ಬೆಳೆಸಿಕೊಂಡ ಕುದುರೆಗೆ ಈ ರೋಗ ಯಾಕೆ ಬರುತ್ತದೆ ಅನ್ನುವ ಒಗಟು ಇದರಿಂದ ಬಿಡಿಸಿತು. ಕ್ಸೆನೊಫನ್ ಜವೆ ಧಾನ್ಯದ ಕಡೆ ಬೆರಳು ತೋರಿಸಿದ್ದು ಸುಳ್ಳಾಗಲಿಲ್ಲ. ಅತಿಯಾದರೆ ಅಮೃತವೂ ವಿಷ ಅನ್ನುವ ನಮ್ಮ ಗಾದೆಯೂ ಸುಳ್ಳಾಗಲಿಲ್ಲ.

ಇನ್ನೊಂದು ಸ್ವಾರಸ್ಯ ಕೇಳಿ. ಹಳಬರು ಇಂಥ ಕುದುರೆಯನ್ನು ಹರಿಯುವ ಹೊಳೆಯಲ್ಲಿ ನಿಲ್ಲಿಸುವುದೂ ಇತ್ತು. ಅದು ಬರೀ ನೋವಿನ ಉಪಶಮನ ಅಂತ ಎಷ್ಟೋ ಜನ ತಿಳಿದಿದ್ದರು. ಅದೇ ಕ್ವೀನ್ಸ್‌ಲೆಂಡಿನಲ್ಲಿ ವ್ಯಾನ್ ಎಪ್ಸ್ ಮತ್ತು ಪೊಲಿಟ್ ಎಂಬ ಇಬ್ಬರು 2004ರಲ್ಲಿ ಪರೀಕ್ಷೆ ಮಾಡಿದರು. ಆರು ಕುದುರೆಗಳ ಒಂದೊಂದು ಮುಂಗಾಲನ್ನು ಮಾತ್ರ ಎರಡು ದಿನ ಮಂಜುಗಡ್ಡೆಯ ನೀರಿನಲ್ಲಿ ಇಟ್ಟರು. ರೋಗ ಬರುವಂತೆ ಮಾಡಿದಾಗ ತಣ್ಣಗಿಟ್ಟ ಕಾಲಿನ ಹೆಣಿಗೆ ಬಹಳಮಟ್ಟಿಗೆ ಉಳಿದುಕೊಂಡಿತು. ತಣ್ಣಗಿಡದ ಕಾಲುಗಳಲ್ಲಿ ಕೆಟ್ಟಿತು. ಹೊಳೆಯಲ್ಲಿ ನಿಲ್ಲಿಸಿದ ಅಜ್ಜನ ಬುದ್ಧಿ ಸರಿಯಾಗಿತ್ತು. ನೀರು ಇನ್ನೂ ತಣ್ಣಗಿರಬೇಕಾಗಿತ್ತು, ಇನ್ನೂ ಬೇಗ ನಿಲ್ಲಿಸಬೇಕಾಗಿತ್ತು.

ಗೊರಸಿನ ಇನ್ನೊಂದು ಕೆಟ್ಟ ರೋಗವನ್ನೂ ಹೇಳಿಬಿಡುತ್ತೇನೆ. ಸಗಣಿ ಗಂಜಳದ ಕೆಸರಿನಲ್ಲಿ ಸದಾ ನಿಂತ ಕುದುರೆಯ ಕಪ್ಪೆ ಕೊಳೆಯುತ್ತದೆ. ಕಪ್ಪಗೆ ಒಸರುತ್ತದೆ, ದುರ್ನಾತ ಬರುತ್ತದೆ. ಇದನ್ನು ಚೊಕ್ಕಟ ಮಾಡಿ ಒಣಗಿದ ಜಾಗದಲ್ಲಿ ಕಟ್ಟಿದರೆ ವಾಸಿಯಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಕ್ಯಾಂಕರ್. ಇದರಲ್ಲಿ ಕಪ್ಪೆಯ ಮೇಲೆ ಹೂಕೋಸಿನಂಥ ಮೆತ್ತನೆಯ ದುರ್ಮಾಂಸ ಬೆಳೆದು ಹರಡುತ್ತದೆ. ಡಾಕ್ಟರು ಮರಗಟ್ಟಿಸುವ ಸೂಜಿ ಕೊಟ್ಟು ಅದನ್ನು ಒಳ್ಳೆಯ ಭಾಗದವರೆಗೆ ಕತ್ತರಿಸಿ ತೆಗೆಯುತ್ತಾರೆ. ಆಮೇಲೆ ಲಾಳದವನು ಲಾಳದ ಅಡಿಗೆ ತಿರುಪಿನಿಂದ ಬಿಗಿಯುವ ತಗಡಿನ ಮುಚ್ಚಳ ಮಾಡಿಕೊಡುತ್ತಾನೆ. ದಿನಾ ಮುಚ್ಚಳ ಬಿಚ್ಚಿ ಮದ್ದು ತುಂಬಿ ಮತ್ತೆ ಬಿಗಿಯಬಹುದು. ಒಬ್ಬರ ಚೂರಿ, ಇನ್ನೊಬ್ಬರ ಕುಲುಮೆ ಎರಡೂ ಕೂಡಿದಾಗಲೇ ವಾಸಿ.

ಈಗ ನಮ್ಮ ಹಟ್ಟಿಗೆ ಬರೋಣ. ಮದುವೆಯಲ್ಲೋ ಜಾತ್ರೆಯಲ್ಲೋ ಉಳಿದ ಅನ್ನವನ್ನು ದಂಡವಾಗುತ್ತದೆ ಅಂತ ಹಸುವಿನ ಮುಂದೆ ಸುರಿಯುತ್ತೀರಿ. ಕಣದಲ್ಲಿ ರಾಗಿ, ಜೋಳದ ರಾಶಿಗೆ ಎತ್ತು ಬಾಯಿ ಹಾಕಿದರೆ ತಿನ್ನಲಿ ಬಿಡು, ದುಡಿದ ಪ್ರಾಣಿ ಅನ್ನುತ್ತೀರಿ. ಪ್ರೀತಿಯಿಂದಲೇ ಮಾಡುತ್ತೀರಿ, ಒಪ್ಪಿದೆ. ಆದರೆ ಆ ಅನ್ನ ಹೊಟ್ಟೆಯಲ್ಲಿ ಹುಳಿದು ಮೊದಲು ಮೇವು ಬಿಡಿಸುತ್ತದೆ, ಹೊಟ್ಟೆ ಉಬ್ಬಿಸುತ್ತದೆ, ಜೀವವನ್ನೇ ತೆಗೆಯಬಹುದು. ಬದುಕಿದರೂ ಎಷ್ಟೋ ಸಲ ಗೊರಸಿಗೆ ಉರಿ ಬಂದು, ತಿಂಗಳುಗಳ ಮೇಲೆ ಗೊರಸು ಸೊಟ್ಟಗೆ ಬೆಳೆದು ಪ್ರಾಣಿ ಕುಂಟುತ್ತದೆ. ಆಗ ನೀವು ಕಲ್ಲು ಚುಚ್ಚಿತೇನೋ ಅಂತ ಕಾಲು ನೋಡುತ್ತೀರಿ. ಕಾರಣ ತಿಂಗಳ ಹಿಂದಿನ ಊಟದಲ್ಲಿರುತ್ತದೆ.

ಆದ್ದರಿಂದ ನಾಲ್ಕು ಮಾತು ನೆನಪಿಡಿ.

ಒಂದು, ಧಾನ್ಯದ ಮೂಟೆಗೆ, ಬೂಸಾ ಚೀಲಕ್ಕೆ, ಉಳಿದ ಅನ್ನಕ್ಕೆ ಪ್ರಾಣಿ ತಾನಾಗಿ ಬಾಯಿ ಹಾಕದಂತೆ ಬಂದೋಬಸ್ತು ಮಾಡಿ. ಮೇವು ಬದಲಾಯಿಸುವುದಾದರೆ ಏಳೆಂಟು ದಿನ ಹಿಡಿದು ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿ.

ಎರಡು, ದಿನಕ್ಕೊಮ್ಮೆ ಕಾಲೆತ್ತಿ ನೋಡಿ. ಗೊರಸಿನ ಮೇಲೆ ಅಂಗೈ ಇಡಿ. ಬಿಸಿ ಹೆಚ್ಚಿದ್ದರೆ, ಗೊರಸಿನ ಮೇಲಿನ ಗಿಣ್ಣಿನ ಹಿಂಬದಿಯಲ್ಲಿ ನಾಡಿ ಟಕಟಕ ಅಂತ ಬಡಿಯುತ್ತಿದ್ದರೆ, ಪ್ರಾಣಿ ಹಿಂದಕ್ಕೆ ಒರಗಿ ನಿಂತಿದ್ದರೆ ಅವತ್ತೇ ಪಶು ಆಸ್ಪತ್ರೆಗೆ ಹೇಳಿಕಳಿಸಿ. ನಾಳೆ ಅನ್ನಬೇಡಿ.

ಮೂರು, ಡಾಕ್ಟರು ಬರುವವರೆಗೆ ಧಾನ್ಯ ನಿಲ್ಲಿಸಿ, ಒಣಹುಲ್ಲು ನೀರು ಕೊಡಿ. ನಡೆಸಬೇಡಿ. ನಡೆಸಿದರೆ ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ. ಸಡಿಲವಾದ ಹೆಣಿಗೆ ನಡೆದಷ್ಟೂ ಹರಿಯುತ್ತದೆ. ಮೆತ್ತನೆಯ ಮರಳಿನ ಮೇಲೋ ದಪ್ಪ ಹುಲ್ಲಿನ ಮೇಲೋ ನಿಲ್ಲಿಸಿ. ಕುದುರೆಯಾದರೆ ಸಿಕ್ಕಷ್ಟು ಮಂಜುಗಡ್ಡೆ ತಂದು ನೀರಿಗೆ ಹಾಕಿ ಅದರಲ್ಲಿ ಕಾಲಿಡಿಸಿ. ಬರೆ ಎಳೆಯುವುದು, ಗೊರಸು ಕುಯ್ಯುವುದು ಖಂಡಿತ ಬೇಡ.

ನಾಲ್ಕು, ಲಾಳ ಕಟ್ಟುವವನ ಕೂಲಿಯಲ್ಲಿ ಚೌಕಾಶಿ ಮಾಡಿ ಕೈ ಬಾರದವನನ್ನು ಕರೆಯಬೇಡಿ. ಅಂಗಾಲನ್ನೂ ಕಪ್ಪೆಯನ್ನೂ ಅತಿಯಾಗಿ ಹೆರೆಯುವವನಿಗೆ ಸಾಕಪ್ಪಾ ಅನ್ನಿ. ಕಾಯಿಲೆಯ ಕಾಲಾದರೆ ಡಾಕ್ಟರನ್ನೂ ಲಾಳದವನನ್ನೂ ಒಂದೇ ದಿನ, ಒಂದೇ ಜಾಗದಲ್ಲಿ ಕೂಡಿಸಿ ಮಾತಾಡಿಸಿ.

ಕುಲುಮೆಯ ಮುಂದೆ ಬೆವರು ಸುರಿಸುವ ನಾಲಬಂದರು ನಮ್ಮ ಹಳ್ಳಿಗಳಲ್ಲಿ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಟ್ರ್ಯಾಕ್ಟರು ಬಂದ ಮೇಲೆ ಅವರ ಮಕ್ಕಳು ಬೇರೆ ಕೆಲಸ ಹಿಡಿದರು. ಅದರಲ್ಲಿ ತಪ್ಪಿಲ್ಲ. ಆದರೆ ನಿಮ್ಮ ಊರಿನ ಸುತ್ತ ಒಬ್ಬನಾದರೂ ಒಳ್ಳೆಯ ಕೈಯವನು ಉಳಿದಿದ್ದರೆ ಅವನ ಹತ್ತಿರ ಒಬ್ಬ ಹುಡುಗನನ್ನು ಕಲಿಯಲು ಬಿಡಿ. ಎರಡು ಸಾವಿರ ವರ್ಷ ಸಾವಿರಾರು ಪ್ರಾಣಿಗಳ ನೋವಿನಿಂದ ಕಲಿತ ವಿದ್ಯೆ ಅದು. ಒಂದು ತಲೆಮಾರು ಬಿಟ್ಟುಬಿಟ್ಟರೆ ಮತ್ತೆ ಹುಡುಕುವುದು ಕಷ್ಟ.

ನಾಳೆ ಬೆಳಿಗ್ಗೆ ಹಾಲು ಕರೆಯಲು, ಎತ್ತು ಬಿಡಲು ಹೋದಾಗ ಒಂದು ಗಳಿಗೆ ಬಗ್ಗಿ ಅದರ ಕಾಲು ನೋಡಿ. ಅಷ್ಟು ಮಾಡಿದರೆ ಈ ಮಾತು ಸಾರ್ಥಕ.